ಎರಡೂವರೆ ಬೆರಳು

ಅಂಗಾತ ಮಲಗಿ ತಲೆ ಎತ್ತು ಅಂದರು
ಫಿಸಿಯೋ ನಿಖತ್ ಮೇಡಂ.
ಹೊಕ್ಕುಳ ಮೇಲೆ ಬೆರಳಿಟ್ಟು ಅದುಮಿದರು,
ಹಣ್ಣಾಗಿದೆಯೋ ಇಲ್ಲವೋ ಅಂತ ಹಲಸು ನೋಡುವ ಹಾಗೆ.
"ಎರಡೂವರೆ ಬೆರಳು" ಅಂತ ಚೀಟಿಯಲ್ಲಿ ಬರೆದರು.
ಹೊಟ್ಟೆಯ ಎರಡು ಪಟ್ಟಿ ಸ್ನಾಯು
ಮಗುವಿಗೆ ಜಾಗ ಬಿಟ್ಟು ಸರಿದವು
ಇನ್ನೂ ಹಾಗೇ ನಿಂತಿವೆಯಂತೆ,
ಹೆಂಗಸರ ಸೀಟಿಂದ ಎದ್ದ ಗಂಡಸರ ಹಾಗೆ
ಎಲ್ಲಿ ನಿಲ್ಲಬೇಕೋ ತಿಳಿಯದೆ.

ಲಗ್ಗೆರೆಯ ಮನೆಯಲ್ಲಿ ಚೌಡಮ್ಮತ್ತೆಗೆ ಬೇರೆ ಲೆಕ್ಕ.
ಹಳೇ ವಾಯಿಲ್ ಸೀರೆ ನಾಲ್ಕು ಮಡಿಕೆ ಮಾಡಿ
ಮಂಡಿ ಊರಿ ಬಿಗಿದಳು ಸೊಂಟಕ್ಕೆ.
ಸಬ್ಬಸಿಗೆ, ಬೆಳ್ಳುಳ್ಳಿ, ಮೆಣಸಿನ ಸಾರು,
ಕಿವಿಗೆ ಹತ್ತಿ, ಮೈಗೆ ಹಂಡೆ ನೀರು.
"ವಾಯು ಸೇರ್ಕೋತದೆ ಕಣೇ, ಬಗ್ಗಬೇಡ."
ಬಗ್ಗಲಿಲ್ಲ. ಆದರೂ
ಒಗ್ಗರಣೆ ಘಾಟು ಮೂಗಿಗೇರಿ ಸೀನಿದಾಗ
ಲಂಗ ಒದ್ದೆ.

ಯಾರಿಗೆ ಹೇಳಲಿ.
ಹೊಲಿಗೆ ಒಣಗಿತಾ ಅಂತ ಕೇಳಿದವರಿದ್ದರು,
ಹಾಲು ಬರ್ತಿದೆಯಾ ಅಂತ ಬೀದಿಗೆ ಬೀದಿಯೇ ಕೇಳಿತು.
ಇದನ್ನು ಕೇಳಿದ್ದು ನಿಖತ್ ಮೇಡಂ ಒಬ್ಬರೇ,
ಮನೆ ವಿಳಾಸ ಕೇಳಿದಷ್ಟು ಸಲೀಸಾಗಿ.
"ಒಳಗಿಂದ ಮೇಲಕ್ಕೆ ಎಳೆದು ಹಿಡಿ. ಎಂಟು ಎಣಿಸು. ಬಿಡು.
ಬಿಡೋದೂ ವ್ಯಾಯಾಮವೇ, ಮರೀಬೇಡ."

ರಜೆ ಮುಗಿದು ಖಾಕಿ ಅಂಗಿ ತೊಟ್ಟರೆ
ಕೊನೇ ಮೂರು ಗುಂಡಿಗೂ ಕಾಜಕ್ಕೂ ಮಾತಿಲ್ಲ.
ಪಿನ್ನು ಚುಚ್ಚಿ, ಮೇಲೆ ಚೀಲ ಇಳಿಬಿಟ್ಟು
ಡಿಪೋಗೆ ಹೋದೆ.
ಬಸ್ಸಿನ ಮೊದಲ ಮೆಟ್ಟಿಲು ಇಷ್ಟೆತ್ತರ ಇತ್ತಾ?
ಹನ್ನೊಂದು ವರ್ಷ ಹತ್ತಿದ್ದೇನೆ, ನೋಡಿರಲಿಲ್ಲ.
ಓಕಳಿಪುರದ ಗುಂಡಿಯಲ್ಲಿ ಗಾಡಿ ಕುಪ್ಪಳಿಸಿದಾಗ
ಕಂಬಿಗೆ ಜೋತುಬಿದ್ದೆ, ಹೊಸಬಳ ಹಾಗೆ.
ಸೀಟಿ ಬಾಯಿಗಿಟ್ಟರೆ ಭಯ:
ಉಸಿರು ಮೇಲಿಂದ ಹೊರಟರೆ
ಕೆಳಗಿಂದ ಏನು ಹೊರಡುತ್ತೋ.
ಎರಡು ವಾರ ತಗಡು ಬಡಿದೇ ಗಾಡಿ ನಿಲ್ಲಿಸಿದೆ.
ಡ್ರೈವರ್ ಬೋರಲಿಂಗಣ್ಣ ಕನ್ನಡಿಯಲ್ಲಿ ನೋಡಿದರು,
ಏನೂ ಕೇಳಲಿಲ್ಲ.

ಆಮೇಲೆ ಶುರು ಮಾಡಿದೆ.
ನವರಂಗ್ ಸಿಗ್ನಲ್ ಕೆಂಪಾಯಿತು, ಹಿಡಿ,
ಒಂದು, ಎರಡು, ಮೂರು,
"ಮಹಾಲಕ್ಷ್ಮಿ ಲೇಔಟ್ ಯಾರ್ರೀ,"
ಆರು, ಏಳು,
ಬಿಡು.
ಯಶವಂತಪುರದ ಜಾಮಿನಲ್ಲಿ ನಾಲ್ಕು ಸುತ್ತು.
ಗೊರಗುಂಟೆಪಾಳ್ಯದಲ್ಲಂತೂ
ಇಡೀ ಊರಿನ ಬಾಣಂತಿಯರಿಗೆ ಸಾಕಾಗುವಷ್ಟು ಹೊತ್ತು.
ಎಪ್ಪತ್ತು ಜನರ ನಡುವೆ ನಿಂತು
ಯಾರ ಕಣ್ಣಿಗೂ ಬೀಳದ ಕಸರತ್ತು.
ಚಿಲ್ಲರೆ ಎಣಿಸ್ತಿದ್ದಾಳೆ ಅಂದುಕೊಂಡರು.

ರಾತ್ರಿ ಮಗು ಮಲಗಿದ ಮೇಲೆ
ಗಾರೆ ನೆಲಕ್ಕೆ ಚಾಪೆ ಹಾಸಿ
ಮಂಡಿ ಮಡಚಿ ಸೊಂಟ ಎತ್ತಿ ಇಳಿಸುತ್ತೇನೆ.
ಕೆಲವು ರಾತ್ರಿ ಎತ್ತಿದ್ದು ನೆನಪು, ಇಳಿಸಿದ್ದಿಲ್ಲ,
ಅಲ್ಲೇ ನಿದ್ದೆ.
ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚೌಡಮ್ಮತ್ತೆ
ಒಂದು ದಿನ ದನಿ ತಗ್ಗಿಸಿ ಕೇಳಿದಳು:
"ಇದು ನನ್ನ ವಯಸ್ಸಿನೋರಿಗೂ ಆಗ್ತದಾ?"
ಅವಳದು ಮೂವತ್ತನಾಲ್ಕು ವರ್ಷದ ಒದ್ದೆ.
ಪಕ್ಕಕ್ಕೆ ಸರಿದೆ. ಚಾಪೆ ಇಬ್ಬರಿಗೂ ಸಾಲಲಿಲ್ಲ,
ಆ ವಾಯಿಲ್ ಸೀರೆಯನ್ನೇ ಮಡಿಸಿ ಹಾಸಿದೆ.

ಮೊನ್ನೆ ಅಳತೆ ಒಂದೂವರೆ ಬೆರಳು.
ಪೂರ್ತಿ ಮುಚ್ಚದೆಯೂ ಇರಬಹುದು ಅಂದರು ಮೇಡಂ.
ಇರಲಿ.

ಇವತ್ತು ಜಾಲಹಳ್ಳಿ ಕ್ರಾಸಿನಲ್ಲಿ ಒಬ್ಬಳು ಹಸಿ ಬಾಣಂತಿ,
ಕಿವಿಯಲ್ಲಿ ಹತ್ತಿ, ಹೆಗಲಲ್ಲಿ ಕೂಸು,
ಮೆಟ್ಟಿಲು ನೋಡುತ್ತ ನಿಂತುಬಿಟ್ಟಳು.
ನನಗೆ ಗೊತ್ತು ಅದರ ಎತ್ತರ.
ಕೂಸನ್ನು ಇಸ್ಕೊಂಡೆ. ನಿಧಾನ ಹತ್ತಿ ಅಂದೆ.
ಸೊನ್ನೆ ಟಿಕೆಟ್ಟು ಹರಿದುಕೊಟ್ಟು
"ಹಿಡ್ಕೊಳ್ಳಿ" ಅಂದೆ.
ಕಂಬಿ ಅಂದುಕೊಂಡಳು.

ಆಮೇಲೆ ಹೊಕ್ಕುಳಿಂದ ಉಸಿರೆಳೆದು
ಸೀಟಿ ಊದಿದೆ.
ಬೋರಲಿಂಗಣ್ಣ ಬೆಚ್ಚಿ ಗೇರು ಹಾಕಿದರು.
ಒಣಗಿದ್ದೆ,
ಹೆಚ್ಚೂ ಕಡಿಮೆ.