ಏಳು

ಮಾವ ಭೀಮಸಪ್ಪ ಕೈ ಸುಮ್ಮನಿರದ ಮನುಷ್ಯ.
ಗೊಂಬಿ ಕಟ್ಟಿಗಿ ಮುಗಿದ ದಿನ
ಕಿಡಕಿಗೆ ಬಳಿದ, ತೊಟ್ಟಿಲಕ್ಕ ಬಳಿದ,
ಕಡೀಕ ಹಿತ್ತಲದಾಗ ಅಡ್ಡಾಡೋ ಆಮಿ ಬೆನ್ನಿಗೂ
ಎನಾಮಲ್ ಬಳಿದ:
ಕೆಂಪು ನೆಲ, ಹಳದಿ ಕಮಲ,
ಅಂಚಿಗೆ ಸೆರಗಿನ ಗೆರಿ.
ಕಿನ್ನಾಳಕ್ಕ ಗೊಂಬಿ ಕೊಳ್ಳಾಕ ಬಂದವರು
ಮುಟ್ಟಿ ನೋಡಿ, ಇದು ಎಷ್ಟಕ್ಕ ಅಂತ ಕೇಳತಿದ್ರು.
ಅದು ಒಂದು ಹೆಜ್ಜಿ ಇಟ್ಟರ
ಕೈ ಹಿಂದಕ್ಕ ತಗೀತಿದ್ರು.

ಮಾವ ಹೋಗಿ ಮೂರು ವರ್ಷ.
ಆಮಿ ಬೆಳದೈತಿ, ಕಮಲ ಬೆಳದಿಲ್ಲ.
ಚಿಪ್ಪಿನ ಬಿಲ್ಲಿ ಬಿಲ್ಲಿ ನಡುವ ಬಣ್ಣ ಸೀಳಿ
ಎಸಳು ಒಂದು ಕಡೆ, ದೇಟು ಒಂದು ಕಡೆ.
ದನದ ದವಾಖಾನಿ ಕಂಪೌಂಡರ್ ಯಮನೂರಪ್ಪ
ಬೆಳಕಿಗೆ ಎತ್ತಿ ಹಿಡದು
ನನ್ನ ಮಾರಿ ನೋಡದ ಅಂದ:
ಅಕ್ಕಾ, ಇದು ಡಬ್ಬಿ ಅಲ್ಲ.
ಮ್ಯಾಲ ಉಗುರಿನಂಥಾದ್ದು, ಬುಡಕ ಎಲುಬು,
ಎಲುಬಿನಾಗ ರಗತ.
ಕಡ್ಡಿಲೆ ಮುಟ್ಟಿದರೂ ಅದಕ್ಕ ಗೊತ್ತಾಗತೈತಿ.
ಥಿನ್ನರ್ ಸುರೀಬ್ಯಾಡ, ಚಾಕು ಹಚ್ಚಬ್ಯಾಡ,
ಮಿಂಚಲಿ ಅಂತ ಎಣ್ಣಿ ಸವರಬ್ಯಾಡ.
ಉಗುರುಬೆಚ್ಚಗ ನೀರು, ಹಲ್ಲುಜ್ಜೋ ಹಳೇ ಬ್ರಷ್ಷು,
ಮತ್ತ ಟೈಮು.

ಟೈಮು ಎಲ್ಲಿಂದ ತರಲಿ?
ಹುಣಸಿ ಬೀಜ ನೆನದಾವ, ಅರೀಬೇಕು.
ಎಂಟು ಗೌರಿ ಒಣಗಾಕ ಇಟ್ಟೇನಿ,
ಕಣ್ಣು ಬರಿಯೂದು ಬಾಕಿ.
ಆದರೂ ಆದಿತ್ಯವಾರ ಹತ್ತರ ಬಿಸಲಿಗೆ
ಬುಟ್ಟ್ಯಾಗ ಗದ್ದ ಮುಳಗದಷ್ಟು ನೀರು ಹಾಕಿ
ಮೊಳಕೈ ಅದ್ದಿ ಬಿಸಿ ನೋಡತೇನಿ,
ಕೂಸಿಗೆ ನೋಡಿದಂಗ.
ಬ್ರಷ್ಷು ದುಂಡಗ ತಿರಗಸ್ತೇನಿ.
ಸಂದ್ಯಾಗ ಒತ್ತಬಾರದು,
ಅದು ಬೆಳಿಯೂದು ಅಲ್ಲೇ ಅಂತ.
ಆಮಿ ಕುತ್ತಿಗಿ ಚಾಚತೈತಿ.
ಕಣ್ಣು ಮುಚ್ಚತೈತಿ, ಕೆಳಗಿಂದ ಮ್ಯಾಲಕ್ಕ.
ಎಷ್ಟು ಸಾವಿರ ಕಣ್ಣು ಬರದೇನೋ ನಾನು,
ಕೆಳಗಿನ ರೆಪ್ಪಿ ಮ್ಯಾಲೇಳೂದು
ಒಮ್ಮಿನೂ ಬರದಿಲ್ಲ.

ಒಂಬತ್ತನೇ ಆದಿತ್ಯವಾರ
ಎಡಗಡೆ ಹಿಂದಿನ ಬಿಲ್ಲಿ ಮ್ಯಾಲ
ಕೆಂಪು ಎದ್ದು ಬಂತು ಹಕ್ಕಳಿಯಂಗ.
ಬುಡಕ ಬ್ಯಾರೇದೇ ಬಿಳಿ.
ಮಾವನ ಕುಂಚ ಅಲ್ಲ.
ಕಲಿಯದ ಕೈ ಯಾವುದೋ ನಡುಗುತ್ತ ಬರದ ಅಂಕಿ,
ಸುತ್ತಲೂ ಉಂಗುರ ಉಂಗುರ ಚಿಪ್ಪು ಬೆಳದೈತಿ:

೭

ಅತ್ತಿ ಹುಲಿಗೆವ್ವನ್ನ ಕೇಳಿದೆ.
ನಾ ಸೊಸಿಯಾಗಿ ಬಂದಾಗ ಇಲ್ಲೇ ಇತ್ತು,
ನಮ್ಮತ್ತಿ ಬಂದಾಗಲೂ ಇತ್ತಂತ.
ಏಳು ಅಂದ್ರ ಏಳು.
ಏಳು, ನೀರು ಆರತೈತಿ.

ಏಳಾದರ, ಉಳಿದ ಆರು?
ಯಾರ ಹಿತ್ತಲ ಅದು, ಯಾರು ಸಂಜಿಗೆ ನಿಂತು
ಬೆರಳು ಮಡಚಿ ಎಣಸತಿದ್ರು,
ಒಂದು ಕಡಿಮಿ ಬಿದ್ದ ರಾತ್ರಿ
ಲಾಟೀನು ಹಿಡಕೊಂಡು
ಸಜ್ಜಿ ಹೊಲದಾಗ ಬಗ್ಗಿ ಬಗ್ಗಿ ಹುಡಕಿದ್ರೇನೋ.
ಇಷ್ಟು ವರ್ಷ ನಮ್ಮದಂತ
ಕಮಲ ಬಳದು ಕುಂತಿದ್ದಿವಿ
ಯಾರೋ ಕಳಕೊಂಡದ್ದರ ಮ್ಯಾಲ.

ಮಗಳು ತುಳಜಾ ಉಗುರಿನ ಬಣ್ಣ ತಂದಾಳ.
ಹೋದ ಮಳಿಗಾಲ ಹಿರೇಹಳ್ಳದ ದಂಡ್ಯಾಗ
ಕಾಲು ಜಜ್ಜಿಕೊಂಡು ಸಿಕ್ಕ ಸಣ್ಣದಕ್ಕ
ಗುರುತು ಬೇಕಂತ. ಕಳದ್ರ ಹೆಂಗವ್ವ?
ಅರಣ್ಯದವರು ಬಂದು ಒಯ್ಯೂತನಕ ಇರಲಿ ಅಂತ
ಯಮನೂರಪ್ಪ ಒಂದು ಚುಕ್ಕಿಗೆ ಒಪ್ಪ್ಯಾನ:
ಬಿಲ್ಲಿ ನಟ್ಟನಡುವ, ಸಂದಿ ಬಿಟ್ಟು,
ಜ್ವಾಳದ ಕಾಳಿನಷ್ಟು.
ಒಣಗೂತನಕ ಮಣ್ಣಿಗೆ ಬಿಡಬ್ಯಾಡ.

ಹಂಸದ ರೆಕ್ಕಿಗೆ ನೂರು ಗೆರಿ ಎಳಿಯೂ ಕೈ,
ಒಂದು ಚುಕ್ಕಿಗೆ ಬೆವತು ಹೋತು.
ಇಟ್ಟೆ.
ಎಂಟು ಬರಿಯವ್ವ ಅಂದಳು ತುಳಜಾ.
ಬರೀಲಿಲ್ಲ.

ಏಳನ್ನೂ ತಿಕ್ಕಲಿಲ್ಲ.
ಸುತ್ತ ಬ್ರಷ್ಷು ಆಡಿಸಿ ಬರತೇನಿ,
ಯಾರದೋ ಬಾಗಲದ ರಂಗೋಲಿ ತುಳಿಯದ ದಾಟಿದಂಗ.
ಬಲಗಡೆ ಮಾವನ ಎಸಳೊಂದು ಉಳದೈತಿ, ಹಳದಿದು.
ಬರೂ ವಾರ ನೋಡಿದರಾತು.

ಹಳೇ ಲುಂಗಿಲೆ ಒರಿಸಿ ಕೆಳಗ ಬಿಟ್ಟೆ.
ಕಣ್ಣಿಲ್ಲದ ಎಂಟು ಗೌರಿಯರ ಮುಂದ ಹಾದು
ಬೇವಿನ ನೆರಳಿಗೆ ಹೋತು.
ಕಲ್ಲಿನ ಮ್ಯಾಲ ಒದ್ದಿ ಹೆಜ್ಜಿ.
ಎಣಸಾಕ ಬಗ್ಗಿದೆ,
ಅಷ್ಟರಾಗ ಆರಿದ್ದವು.