ಹೊರಗಿನ ಬೆಂಚು

ಕ್ಲೈಪೆಡಾದ ಆಸ್ಪತ್ರೆಯಲ್ಲಿ ನರ್ಸು
ನನ್ನನ್ನು ಮೆತ್ತಗೆ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.
ಬೆಂಚಿನ ಮೇಲೆ ಕೂತೆ. ಎದುರು ಗೋಡೆಯಲ್ಲಿ
ಕೈ ತೊಳೆಯುವ ಕ್ರಮದ ಚಿತ್ರಪಟ, ಆರು ಹಂತ.
ಮೂರು ಸಲ ಓದಿದೆ.

ಸ್ಕಿರ್ಮಾಂತೆ ಹೇಳಿದ್ದು ಮನೆಗೆ ಬಂದ ಮೇಲೆ,
ಬೂಟು ಬಿಚ್ಚುತ್ತ:
"ಯಾರು ಹೊಡೀತಾರೆ ಅಂತ ಕೇಳಿದಳು."

ತೊಡೆಯ ಮೇಲೆ, ತೋಳಿನ ಒಳಮೈಯಲ್ಲಿ
ಕಾಡುಹಣ್ಣು ಹಿಂಡಿದ ಬಟ್ಟೆಯ ಹಾಗೆ ಕಲೆಗಳು.
ನಾನು ಫೆರ್ರಿಯ ಹಗ್ಗ ಎಳೆಯುವವನು.
ನನ್ನ ಅಂಗೈ ಮೇಜಿನ ಮೇಲಿತ್ತು; ಇಬ್ಬರೂ ಅದನ್ನೇ ನೋಡಿದೆವು.
ಆಮೇಲೆ ತಿಂಗಳುಗಟ್ಟಲೆ
ಅವಳ ಬೆನ್ನು ಮುಟ್ಟಲು ಹೆದರಿದೆ.

ಹನ್ನೊಂದು ಚಳಿಗಾಲ ಕೆಮ್ಮಿದ್ದಳು.
ಶ್ವಾಸಕೋಶದವರು ಎರಡನೆಯ ಮಹಡಿ,
ರಕ್ತದವರು ನಾಲ್ಕನೆಯದು,
ಕೀಲುನೋವಿಗೆ ರಸ್ತೆಯಾಚೆ ಬೇರೆಯೇ ಕಟ್ಟಡ.
ಮೂರು ಕಡತ, ಒಂದರ ಮುಖ ಇನ್ನೊಂದು ಕಂಡಿರಲಿಲ್ಲ.
ಊಟ ಬಿಟ್ಟು ಕೂತು
ಮೂರನ್ನೂ ಒಂದೇ ಮೇಜಿಗೆ ತಂದವಳು
ಇನ್ನೂ ಎಳೆಯ ಡಾಕ್ಟರು, ಗ್ರಿಗಾಲಿತೆ.

"ಸೈನಿಕರು ಕಡಿಮೆ ಅಂದುಕೊಳ್ಳಿ," ಎಂದು ಶುರುಮಾಡಿ
ನನ್ನ ಹೆಂಡತಿಯ ಮುಖ ನೋಡಿ ನಿಲ್ಲಿಸಿದಳು.
ಇಪ್ಪತ್ತಾರು ವರ್ಷ ಮೂರನೆಯ ತರಗತಿಗೆ ಪಾಠ ಹೇಳಿದವಳು ಇವಳು.
ಸರಿ, ಶಾಲೆ ಅನ್ನೋಣ.
ಹೊರಗಿನವರು ಯಾರು, ಮನೆಯವರು ಯಾರು
ಎಂದು ಕಲಿಸುವ ಶಾಲೆಯೇ ಸಡಿಲ.
ಬಹಳ ಮಕ್ಕಳು ಪಾಠ ಮುಗಿಸುವುದಿಲ್ಲ;
ಅದಕ್ಕೇ ಪ್ರತಿ ಕೆಮ್ಮೂ ಮೊದಲ ಕೆಮ್ಮು,
ಮೈಗೆ ನೆನಪೇ ಇಲ್ಲ.
ಫೇಲಾಗಬೇಕಿದ್ದ ನಾಲ್ಕು ಜನ ಮಾತ್ರ
ಹೇಗೋ ಹಿಂಬಾಗಿಲಿಂದ ದಾಟಿ
ಸ್ವಂತ ರಕ್ತದ ಕಣಗಳ ಕೊರಳಪಟ್ಟಿ ಹಿಡಿಯುತ್ತಾರೆ.

"ಇಲ್ಲದ್ದೂ ಹೆಚ್ಚಾದದ್ದೂ ಒಂದೇ ಮೈಯಲ್ಲೇ?" ಎಂದೆ.
ಹೂಂ.
"ಇವಳಿಗೇ ಯಾಕೆ?"
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

"ಅಂತೂ ನನ್ನನ್ನು ಹೊಡೆಯುವವಳು ನಾನೇ,"
ಸ್ಕಿರ್ಮಾಂತೆ ನಕ್ಕಳು. "ತಪ್ಪಾಯಿತು, ಕೆಸ್ತಾಸ್."
ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಈಗ ಗುರುವಾರ ಗುರುವಾರ
ಬೆಣ್ಣೆ, ಹೊಗೆಮೀನಿನ ಪಕ್ಕದಿಂದ
ಬಾಟಲಿ ತೆಗೆದು ಹೊರಗಿಡುತ್ತೇನೆ, ತಣುಪು ಬಿಡಲಿ ಎಂದು.
ಸಾವಿರಾರು ಜನರ ರಕ್ತದಿಂದ ಬಸಿದದ್ದು:
ಯಾರದೋ ಮನೆಯ ನೆಗಡಿ, ಯಾರದೋ ದಡಾರ,
ಜ್ವರದಲ್ಲಿ ಶಾಲೆ ತಪ್ಪಿದ ಸೋಮವಾರಗಳು,
ಎಲ್ಲದರ ನೆನಪು, ಹೆಸರಿಲ್ಲದೆ.
ಹೊಟ್ಟೆಯ ಚರ್ಮದಡಿ ಸಣ್ಣ ಸೂಜಿ; ಪಂಪು ಗೊರಗುಡುತ್ತದೆ.
ಒಂದೂವರೆ ಗಂಟೆ ಅವಳು ಕಿಟಕಿಯಾಚೆ
ಹಡಗು ಎಣಿಸುತ್ತಾಳೆ, ತಪ್ಪು ಎಣಿಸುತ್ತಾಳೆ.

ಕಲೆಗಳು ಪೂರ್ತಿ ಹೋಗಿಲ್ಲ.
ಮೊನ್ನೆ ಮೊಣಕಾಲಿನ ಹಿಂದೆ ಹೊಸದೊಂದು, ನಾಣ್ಯದಷ್ಟು.

ನಾನೂ ಕೊಡುತ್ತೇನೆಂದು ಹೋಗಿದ್ದೆ.
ಬಿ.ಪಿ. ಜಾಸ್ತಿ ಎಂದು ವಾಪಸು ಕಳಿಸಿದರು,
ಒಂದು ಲೋಟ ಚಹಾ ಕೊಟ್ಟು.

ಹಗ್ಗ ಬಿಗಿದು ಬಂದ ಕೈಯನ್ನು
ಬಿಸಿನೀರಲ್ಲಿ ಆರೂ ಹಂತ ತೊಳೆದು
ಅವಳ ಹೊಟ್ಟೆಯ ಟೇಪು ಬಿಡಿಸುತ್ತೇನೆ, ಉಗುರಿನ ತುದಿಯಲ್ಲಿ.
"ಮೆಲ್ಲಗೆ," ಎನ್ನುತ್ತಾಳೆ.
ಮೆಲ್ಲಗೇ.