ಅನಾಮತ್ತು ಖಾತೆ

ಮಂಗಳವಾರ ಸಂಜೆ ಲೆಕ್ಕ ಕೂಡಲಿಲ್ಲ.
ನಾನೂರು ಕೋಟಿ ಪೌಂಡು ಈ ಕಡೆ,
ನಾನೂರು ಕೋಟಿ ಪೌಂಡು ಆ ಕಡೆ,
ನಡುವೆ ಹನ್ನೊಂದು ಪೆನ್ಸ್.

ಗ್ಲಾಸ್ಗೋ. ಏಳನೇ ಮಹಡಿ. ಕಿಟಕಿಯ ಕೆಳಗೆ ಕ್ಲೈಡ್ ನದಿ
ತೊಳೆಯದ ತಟ್ಟೆಯ ಬಣ್ಣದಲ್ಲಿ.
ಕೆಲಸಕ್ಕೆ ಸೇರಿ ನನಗಿನ್ನೂ ಐದು ವಾರ.
ಕೊರಳಿಗೆ ತೂಗಿದ ಕಾರ್ಡಿನ ಫೋಟೋದಲ್ಲಿ ಕಣ್ಣು ಮುಚ್ಚಿದ್ದೇನೆ.
ಬದಲಿಸಿಕೊಡಿ ಎಂದು ಅರ್ಜಿ ಹಾಕಿದ್ದೆ,
ಅರ್ಜಿಗೊಂದು ನಂಬರು ಬಂದಿತ್ತು.

"ಬಿಡಿ, ನನ್ನ ಜೇಬಿನಿಂದಲೇ ಹಾಕುತ್ತೇನೆ" ಅಂದೆ.
ಏಲ್ಸಾ ಮಕ್ರೇ ಕನ್ನಡಕ ತೆಗೆದಳು.
ಮೂವತ್ತೊಂದು ವರ್ಷದಲ್ಲಿ ಕಂಪನಿಯ ಹೆಸರು ನಾಲ್ಕು ಸಲ ಬದಲಾಗಿದೆ,
ಅವಳ ಮಗ್ಗು ಬದಲಾಗಿಲ್ಲ.
"ದೊಡ್ಡ ತಪ್ಪಿಗೆ ಹುಡುಕುವವರು ಬಹಳ ಕಣೋ,
ಚಿಕ್ಕದಕ್ಕೆ ನಾವೇ ಗತಿ."

ದಿಕ್ಕಿಲ್ಲದ ದುಡ್ಡಿಗೆಲ್ಲ ಇಲ್ಲೊಂದು ಛತ್ರ ಉಂಟು,
ಅನಾಮತ್ತು ಖಾತೆ ಅಂತ.
ಯಾರದೆಂದು ತಿಳಿಯುವವರೆಗೆ ಮಲಗಬಹುದು.
ಮೂವತ್ತು ದಿನ ಕಳೆದರೆ ಕೆಂಪಗಾಗುತ್ತದೆ,
ಆಮೇಲೆ ಮೇಲಿನವರು ಎಬ್ಬಿಸುತ್ತಾರೆ.

ಬುಧವಾರ ಪೂರ್ತಿ ಹುಡುಕಿದೆವು,
ಪಿಂಚಣಿ, ವಿಮೆ, ಅಡಮಾನ, ಷೇರು.
ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ ಅನ್ನುತ್ತಾರಲ್ಲ,
ಇಲಿಗಾದರೂ ಬಾಲವಿರುತ್ತದೆ.
ನಡುವೆ ಮನಸ್ಸಿನ ನೆಮ್ಮದಿ ಕುರಿತು ಕಡ್ಡಾಯ ಪಾಠ.
ಎರಡು ಗಂಟೆಗೆ, ಬೆಂಕಿ ಬಿದ್ದರೆ ಓಡುವ ಅಭ್ಯಾಸ:
ಮೂರು ಸಾವಿರ ಜನ ಕೋಟಿಲ್ಲದೆ ನದಿಯ ದಂಡೆಯಲ್ಲಿ ನಿಂತು
ನಮ್ಮ ಕಟ್ಟಡವನ್ನು ಮೊದಲ ಸಲ ನೋಡುವವರಂತೆ ನೋಡಿದೆವು.
"ಇದೆಲ್ಲ ಯಾರದು?" ಕೇಳಿದೆ.
"ಕೆನಡಾದ ಮೇಷ್ಟರುಗಳದು. ನಾರ್ವೆಯ ಯಾರದೋ.
ನನ್ನದೂ ಒಂದಿಷ್ಟು ಷೇರಿದೆ,
ಲೆಕ್ಕ ಹಾಕಿದರೆ ನಾಲ್ಕನೇ ಮಹಡಿಯ ಕಕ್ಕಸಿನ ಬಾಗಿಲು."

ಗುರುವಾರ ನಾಲ್ಕೂಕಾಲಿಗೆ ಸಿಕ್ಕಿತು.
ಲೂಯಿಸ್ ದ್ವೀಪದಲ್ಲಿ ದೋಣಿಯ ಇಂಜಿನ್ನು ರಿಪೇರಿ ಮಾಡುವವನು,
ಟಾರ್ಕಿಲ್ ಮರಿಸನ್, ಆರನೇ ತಾರೀಕು ತೀರಿಕೊಂಡ.
ಒಂದು ಕಂಪ್ಯೂಟರು ಐದಕ್ಕೇ ಬಡ್ಡಿ ನಿಲ್ಲಿಸಿದೆ,
ಇನ್ನೊಂದು ಆರನ್ನೂ ಎಣಿಸಿದೆ.
ಸತ್ತ ದಿನ ಬದುಕಿದ ದಿನ ಹೌದೋ ಅಲ್ಲವೋ,
ಯಂತ್ರ ಯಂತ್ರದ ನಡುವೆ ವ್ಯಾಜ್ಯ,
ವ್ಯಾಜ್ಯದ ಬೆಲೆ ಹನ್ನೊಂದು ಪೆನ್ಸ್.

ಮರಣಪತ್ರ ತೆಗೆಸಿ ಹೊತ್ತು ನೋಡಿದಳು. ಸಂಜೆ ಐದೂವರೆ.
"ಹಾಗಾದರೆ ಬೆಳಗಿನ ಚಹಾ ಕುಡಿದಿದ್ದಾನೆ," ಅಂದಳು,
"ಹೆಂಡತಿಯ ಮೇಲೆ ಒಂದು ಸಲವಾದರೂ ರೇಗಿದ್ದಾನೆ.
ಎಣಿಸು."
ಎಣಿಸಿದೆ.
ಹನ್ನೊಂದು ಪೆನ್ಸ್ ಲೂಯಿಸಿಗೆ ಹೋಯಿತು,
ಜೊತೆಗೆ ಎರಡು ಪುಟದ ವಿವರಣೆ;
ಅಂಚೆಚೀಟಿಗೆ ತಗುಲಿದ್ದು ಅದರ ಹತ್ತು ಪಟ್ಟಿಗೂ ಮೇಲೆ.

ಚಳಿಗಾಲದಲ್ಲಿ ನಮ್ಮ ವಿಭಾಗವನ್ನೇ
ಅನಾಮತ್ತಾಗಿ ಎತ್ತಿ ಪೋಲೆಂಡಿನಲ್ಲಿ ಇಟ್ಟರು.
ಪ್ರಕಟಣೆಯಲ್ಲಿ 'ಪಯಣ' ಎಂಬ ಮಾತು ಆರು ಕಡೆ ಇತ್ತು.
ನನ್ನನ್ನು ಒಂಬತ್ತನೇ ಮಹಡಿಗೆ ಹಾಕಿದರು.
ಏಲ್ಸಾಳನ್ನು ಎಲ್ಲಿಗೂ ಹಾಕಲಿಲ್ಲ.
ಪರದೆಯಲ್ಲಿ ಕಾಣುವ ಕ್ರಾಕೋವಿನ ಹುಡುಗಿಗೆ, ಬೊಗುಮಿವಾಗೆ,
ಆರು ವಾರ ಕೂತು ತನಗೆ ಗೊತ್ತಿದ್ದುದನ್ನೆಲ್ಲ ಕಲಿಸಿದಳು.
ಚೆನ್ನಾಗಿ ಕಲಿಸಿದಳು. ನನಗೆ ಇವತ್ತಿಗೂ ಅರ್ಥವಾಗದ್ದು ಅದೇ.

ಕೊನೆಯ ದಿನ ಕೇಕು, ಎಲ್ಲರ ಸಹಿಯ ಕಾರ್ಡು,
ಸಹಿ ಮಾಡಿದವರಲ್ಲಿ ಅರ್ಧ ಜನ ಅವಳಿಗೆ ಗೊತ್ತಿಲ್ಲ.
ಲೆಕ್ಕ ಚುಕ್ತಾ ಮಾಡಿದ ಹಾಳೆಯನ್ನು ನನ್ನ ಕಡೆ ತಳ್ಳಿದಳು.
ಬೆರಳು ಮಡಿಚಿ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ:
ಕೊನೆಯ ದಿನವನ್ನು ಬಿಟ್ಟಿದ್ದಾರೆ.

"ಇವತ್ತು ನೀನು ಬಂದಿದ್ದೀಯಲ್ಲ," ಅಂದೆ.
ಮಗ್ಗನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು.
"ಬಂದಿದ್ದೇನೆ," ಅಂದಳು, "ಚಹಾನೂ ಕುಡಿದೆ."

ಆ ಒಂದು ದಿನಕ್ಕಾಗಿ ನಾನು ಅರ್ಜಿ ಹಾಕಿದ್ದೇನೆ,
ನಂಬರು ಬಂದಿದೆ.
ಹೊಸ ಕಾರ್ಡೂ ಬಂದಿದೆ, ಒಂಬತ್ತನೇ ಮಹಡಿಯದು.
ಫೋಟೋ ಹಳೆಯದೇ.